ಏಳು ನಿಮಿಷದ ಉಸಿರು

ಮುಹರಕ್ಕಿನ ಈ ಹಳೇ ಮನೆಗೆ ಮೀಟರು ಒಂದು,
ಸಂಸಾರ ಐದು, ಏಸಿ ಒಂಬತ್ತು.
ಆಗಸ್ಟಿನ ರಾತ್ರಿ ಎಲ್ಲ ಒಟ್ಟಿಗೆ ಗೊರಕೆ ಹೊಡೆಯುತ್ತವೆ.
ಕೆಳಗಿನ ಹುಡುಗರು ಇಸ್ತ್ರಿಪೆಟ್ಟಿಗೆ ಚುಚ್ಚಿದರೆ
ನನ್ನ ಬಲ್ಬು ಕಣ್ಣು ಮಿಟುಕಿಸಿ
ಗೊತ್ತಾಯಿತು ಅನ್ನುತ್ತದೆ.

ನಾನು ಅಬಾಯಾದ ತೋಳಿಗೆ ಹೂ ಬಿಡಿಸುವವಳು,
ಕಂಪ್ಯೂಟರಿನ ಪರದೆಯಲ್ಲಿ.
ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ದಾರ ಕತ್ತರಿಸಬೇಕು,
ನಾನು ಬರೆದು ಕಳಿಸಿದ ಹಾಗೆ
ಸೂಕಿನ ಅಂಗಡಿಯ ಮಷೀನು ಕುಣಿಯುತ್ತದೆ.
ಈದಿಗೆ ಹನ್ನೆರಡು ದಿನ.
ಮೂವತ್ತೆಂಟು ಸಾವಿರ ಹೊಲಿಗೆ ಮುಗಿದು
ಕೊನೆಯ ದಾಳಿಂಬೆ ಮೊಗ್ಗಿನ ತುದಿಯಲ್ಲಿದ್ದೆ.
ಟಪ್.

ಒಂಬತ್ತು ಏಸಿ ಒಮ್ಮೆಲೇ ಬಾಯಿ ಮುಚ್ಚಿದಾಗ
ಸಮುದ್ರ ಇಷ್ಟು ಹತ್ತಿರವಿದೆಯೆಂದು
ಆರು ವರ್ಷದಲ್ಲಿ ಮೊದಲ ಸಲ ತಿಳಿಯಿತು.

ಇಪ್ಪತ್ತು ನಿಮಿಷ ಬಿಟ್ಟು ಕರೆಂಟು ಬಂತು,
ಜಪ್ತಿಗೆ ಬಂದವರ ಹಾಗೆ, ಬಾಗಿಲು ಒದ್ದು.
ಬಲ್ಬು ಬೆಳ್ಳಗೆ ಉರಿಯಿತು.
ಡಬ್ಬದ ಬೆನ್ನಿಂದ
ಸುಟ್ಟ ಹಪ್ಪಳದ ವಾಸನೆ.

ಹಮ್ಮಬ್ಬಾಕ ಬಂದರು. ಫರಂಗಿಪೇಟೆಯವರು,
ಟೆಸ್ಟರನ್ನು ಪೆನ್ನಿನಂತೆ ಕಿವಿಗೆ ಸಿಕ್ಕಿಸಿಕೊಳ್ಳುವವರು.
ಗೋಡೆಯ ಪ್ಲಗ್ಗು ಬಿಚ್ಚಿ ಟಾರ್ಚು ಹಿಡಿದರೆ
ತೂತು ಮೂರು, ತಂತಿ ಎರಡೇ.
"ಅರ್ತಿಂಗು ಇದೆ, ಬಾಯಲ್ಲಿ.
ಹೋಗುವಾಗ ಕರೆಂಟು ಪಾಪದ್ದು ಮಾರಾಯ್ತಿ,
ಬರುವಾಗ ಹೆದರಬೇಕು."

ಶುಕ್ರವಾರ ನಮಾಜು ಮುಗಿಸಿ ಬಂದು
ಹಸಿರು-ಹಳದಿ ತಂತಿಯೊಂದನ್ನು ಮೆಟ್ಟಿಲುದ್ದಕ್ಕೂ ಇಳಿಸಿದರು.
ಮತ್ತೆ ಒಂದು ಬಿಳಿ ಪಟ್ಟಿ, ಒಂದು ಕರಿ ಪೆಟ್ಟಿಗೆ.
"ಈ ಪಟ್ಟಿಗೆ ಪೆಟ್ಟು ತಿನ್ನುವುದೇ ಉದ್ಯೋಗ.
ಹಸಿರು ದೀಪ ನಂದಿತೋ, ಬಿಸಾಡು, ಕನಿಕರ ಬೇಡ.
ಯುಪಿಎಸ್ಸಿಗೆ ಡಬ್ಬ, ಪರದೆ, ಅಷ್ಟೇ.
ಪ್ರಿಂಟರು ಕೊಟ್ಟರೆ ಒಂದೇ ಗುಟುಕಿಗೆ ಕುಡಿದು ಮುಗಿಸುತ್ತದೆ.
ಏಳು ನಿಮಿಷ ಸಿಗುತ್ತದೆ ನಿನಗೆ.
ಮೊಗ್ಗು ಅರಳಿಸುತ್ತ ಕೂರಬೇಡ.
ಉಳಿಸು, ಮುಚ್ಚು, ಎದ್ದು ಬಾ."

ಬಾಗಿಲಲ್ಲಿ ನಿಂತಿದ್ದ ಮನೆಯೊಡೆಯ ಬೂ ಜಾಸಿಮ್
ನನ್ನ ಮುರುಕು ಅರಬಿಯಲ್ಲಿ ಏಳು ನಿಮಿಷ ಕೇಳಿ ನಕ್ಕ.
ಅವನ ಅಜ್ಜ ಮುತ್ತಿಗೆ ಮುಳುಗುತ್ತಿದ್ದನಂತೆ,
ಮೂಗಿಗೆ ಕ್ಲಿಪ್ಪು, ಕಾಲಿಗೆ ಕಲ್ಲು,
ಒಂದೂವರೆ ನಿಮಿಷ ತಡೆದರೆ ಗಂಡಸು.
ದೋಣಿಯಲ್ಲಿ ಹಗ್ಗ ಹಿಡಿದು ಕೂತವನು ಸೈಬ್.
ಕೆಳಗಿಂದ ಒಮ್ಮೆ ಜಗ್ಗಿದರೆ
ಯಾಕೆ ಏನು ಕೇಳದೆ ಎಳೆಯಬೇಕು.
"ಸೈಬಿಗೆ ತೂಕಡಿಕೆ ಬಂದರೆ
ಮುತ್ತು ಮೀನಿಗೆ," ಅಂದ ಮುದುಕ.
ಬಾಡಿಗೆ ಏರಿಸುವ ಮಾತು ಆವತ್ತು ಎತ್ತಲಿಲ್ಲ.

ಆವತ್ತಿನಿಂದ ಮೇಜಿನಡಿಯ ಪೆಟ್ಟಿಗೆಗೆ ಸೈಬ್ ಅಂತಲೇ ಹೆಸರು.
ವಾರಕ್ಕೊಮ್ಮೆ ಬೆನ್ನಿನ ಧೂಳು ಒರೆಸುತ್ತೇನೆ,
ಮರಳು ಎಲ್ಲಿಂದ ನುಸುಳುತ್ತದೋ ದೇವರೇ ಬಲ್ಲ.

ವಲೇರಿಯನ್ ದಮ್ಮಾಮಿನಲ್ಲಿ ಟ್ರೇಲರ್ ಓಡಿಸುತ್ತಾನೆ.
ಆರು ವಾರ ಪತ್ತೆಯಿಲ್ಲದೆ, ಸೇತುವೆ ದಾಟಿ ಬಂದನೆಂದರೆ
ಖರ್ಜೂರದ ಡಬ್ಬ, ಹಳೇ ಜಗಳದ ಬಾಕಿ,
ಮುದ್ದು, ಅಳು, ಊರಿನ ಸುದ್ದಿ
ಎಲ್ಲ ಒಂದೇ ಗಂಟೆಯಲ್ಲಿ.
ನಾನು ಅಡುಗೆಮನೆಯಲ್ಲಿ ನಿಂತು ಐದು ನಿಮಿಷ ನೀರು ಕುಡಿಯುತ್ತೇನೆ.
ಬಂದ ಕೂಡಲೇ ಸ್ವಿಚ್ಚು ಹಾಕಬಾರದು,
ಹಮ್ಮಬ್ಬಾಕ ಹೇಳಿದ್ದಾರಲ್ಲ.

ನಿನ್ನೆ ರಾತ್ರಿ ಮತ್ತೆ ಹೋಯಿತು.
ಉಳಿಸಿದೆ. ಮುಚ್ಚಿದೆ. ಪರದೆ ಆರಿಸಿದೆ.
ನಾಲ್ಕು ನಿಮಿಷ ಮಿಕ್ಕಿತ್ತು,
ಅದನ್ನೇನು ಮಾಡುವುದೋ ತಿಳಿಯದೆ
ಅಲ್ಲೇ ಕೂತೆ, ಬೆವರುತ್ತ.
ಮಾಳಿಗೆಯಲ್ಲಿ ಬೂ ಜಾಸಿಮ್ ಕೆಮ್ಮಿದ.
ಎಲ್ಲೋ ಸಮುದ್ರ.
ಕಾಲ ಬಳಿ, ಅರ್ಧ ನಿಮಿಷಕ್ಕೊಮ್ಮೆ,
ಕೀಂ, ಕೀಂ,
ಯಾರೋ ಹಗ್ಗ ಜಗ್ಗುತ್ತಿದ್ದರು.