ಹುಲ್ಲು ಮಾಡಿದವಳು

ನೀಶ್ ಪಟ್ಟಣದಲ್ಲಿ ನಾನು ಹಲ್ಲು ಮಾಡುವವನು.
ಮೂವತ್ತೊಂದು ವರ್ಷ ಮೇಣದಲ್ಲಿ ಕೆತ್ತಿ, ಉಜ್ಜಿ,
ಕಂಡವರ ಬಾಯಿಗೆ ನಗು ಕೂರಿಸಿದ ಕೈ ಇದು.
ಈಗ ಹೆಬ್ಬೆರಳ ಗಂಟು ಬಿಗಿಯುತ್ತದೆ.
ಆದರೂ ರಾತ್ರಿ ಹತ್ತಾದರೆ ಕಂಟ್ರೋಲರ್ ಹಿಡಿಯುತ್ತೇನೆ.
ಐವತ್ತೇಳಕ್ಕೆ ಇದೇನು ಹುಡುಗಾಟ ಅನ್ನುತ್ತಾಳೆ ಸ್ಲಾವೋಯ್ಕ,
ಅಂದು, ಪಕ್ಕದಲ್ಲೇ ಕೂತು,
ಎಡಕ್ಕೆ, ಎಡಕ್ಕೆ ಹೋಗು, ಅನ್ನುತ್ತಾಳೆ.

ನನ್ನ ಮೊದಲ ಆಟ ಬಂದದ್ದು ರೇಡಿಯೋದಲ್ಲಿ.
ನಂಬಿ. ಎಂಬತ್ತರ ದಶಕ. ಹಾಡು ಮುಗಿದ ಮೇಲೆ
ನಿರೂಪಕ ಹೇಳುತ್ತಿದ್ದ: ಕ್ಯಾಸೆಟ್ ಸಿದ್ಧ ಮಾಡಿಕೊಳ್ಳಿ.
ಆಮೇಲೆ ಕೀ... ಕರ್ರ್... ಕೀ...
ಕಾದ ಎಣ್ಣೆಗೆ ಹಸಿ ಮೆಣಸಿನಕಾಯಿ ಬಿದ್ದ ಹಾಗೆ.
ಅಡುಗೆಮನೆಯಿಂದ ಅಮ್ಮ: ಆರಿಸೋ ಅದನ್ನ, ಕೆಟ್ಟುಹೋಗಿದೆ!
ನಾನು ಗುಂಡಿಯ ಮೇಲೆ ಬೆರಳಿಟ್ಟು ಉಸಿರು ಬಿಗಿಹಿಡಿದು
ಕರೆಂಟು ಹೋಗದಿರಲಿ, ಈಗ ಮಾತ್ರ ಹೋಗದಿರಲಿ.
ಹದಿನೈದರಲ್ಲಿ ಒಂದು ಸಲ ಆ ಕಿರುಚಾಟ ಆಟವಾಗುತ್ತಿತ್ತು.
ಆಟವೆಂದರೇನು, ಒಂದು ಚೌಕ. ಅದು ನಾನು.
ಇನ್ನೊಂದು ಚೌಕ. ಅದು ಸಾವು.

ಈಗ ದೊಡ್ಡವರ ಆಟ ಇಳಿಯಲು ಎರಡು ರಾತ್ರಿ ಬೇಕು.
ನೂರ ನಲವತ್ತು ಗಿಗಾಬೈಟ್. ಹಳೆ ಫ್ರಿಜ್ಜಿನ ಹಾಗೆ ಗುಂಯ್‌ಗುಡುತ್ತದೆ ಯಂತ್ರ.
ಸುಳ್ಳು ಹೇಳಲಾರೆ: ಕುದುರೆಯ ಕೊರಳಲ್ಲಿ ಮಳೆನೀರು ಇಳಿಯುವುದನ್ನು
ಯುದ್ಧ ಬಿಟ್ಟು ನೋಡುತ್ತ ನಿಂತಿದ್ದೇನೆ.
ಆದರೆ ಆ ರಾಜ್ಯದಲ್ಲಿ ಎದುರಾದವರೆಲ್ಲ ಕೆಲಸ ಹೇಳುವವರೇ:
ಹತ್ತು ತೋಳದ ಚರ್ಮ ತಾ. ಹನ್ನೆರಡು ಗರಿ ತಾ.
ಮೂಲೆಗೊಂದು ಅಂಗಡಿ, ನನ್ನ ಟೋಪಿಗೂ ಬೆಲೆ ಚೀಟಿ.
ದಿನವಿಡೀ ದುಡಿದು ಬಂದವನಿಗೆ
ಮನೆಯಲ್ಲೂ ಒಂದು ಹಾಜರಿ ಪುಸ್ತಕ.

ಚಿಕ್ಕದೊಂದು ಕೊಂಡೆ, ಎರಡು ಬುರೆಕ್ಕಿನ ದುಡ್ಡಿಗೆ.
ಮಾಡಿದವಳು ಒಬ್ಬಳೇ. ಸೆನಿಹಾ, ತುಜ್ಲಾದ ಹುಡುಗಿ.
ಒಂದು ಬೀದಿ, ಏಳು ಮನೆ. ಕೆಳಗೆ ಉಪ್ಪು ತೆಗೆದ ಪೊಳ್ಳು,
ಮನೆಗಳು ದಿನಕ್ಕೊಂದು ಕೂದಲೆಳೆ ಇಳಿಯುತ್ತಿವೆ.
ನೀನು ಅಂಚೆಯವನು. ಕಾಗದ ಕೊಡಬೇಕು, ಅಷ್ಟೇ.
ನಾಯಿ ನಡೆದರೆ ಕಾಲು ನೆಲಕ್ಕೆ ತಾಗುವುದಿಲ್ಲ.
ಐದನೆಯ ಮನೆಯ ಬಾಗಿಲು ತೆರೆಯುವುದಿಲ್ಲ.
ಮೂರು ವಾರ ಆ ಬಾಗಿಲನ್ನು ತಲೆಯಲ್ಲಿ ಹೊತ್ತು ತಿರುಗಿದೆ.
ಪ್ರೇಮವೋ, ಶೋಕವೋ, ಯುದ್ಧಕ್ಕೆ ಹೋದ ತಮ್ಮನೋ?
ಕೊನೆಗೆ ಪತ್ರ ಬರೆದೆ. ಉತ್ತರ ಬಂತು:
"ಅದು ನನ್ನ ತಪ್ಪು, ಹಿರಿಯರೇ. ಸುಸ್ತಾಗಿದ್ದೆ.
ಚಳಿ ಕಳೆಯಲಿ, ಸರಿಮಾಡುತ್ತೇನೆ."

ಸರಿಮಾಡಬೇಡ ಎಂದು ಬರೆದು, ಅಳಿಸಿದೆ.
ಓರೆ ಹಲ್ಲನ್ನು ಓರೆಯಾಗೇ ಮಾಡಿಕೊಡಿ ಎಂದು
ಒಬ್ಬಳು ನನ್ನಲ್ಲಿಗೂ ಬಂದಿದ್ದಳು ಹಿಂದೆ.
ನಾನು ಕೇಳಲಿಲ್ಲ. ನೆಟ್ಟಗೆ ಮಾಡಿ ಕಳಿಸಿದೆ.

ಚಿಕ್ಕದು ಚಂದ, ದೊಡ್ಡದು ದಂಡ ಎಂದು
ಕಾಫಿ ಅಂಗಡಿಯಲ್ಲಿ ಭಾಷಣ ಬಿಗಿಯುತ್ತಿದ್ದೆ ನಾನು.
ಒಂದು ರಾತ್ರಿ ದೊಡ್ಡವರ ಆಟ ಮುಗಿಯಿತು.
ಸ್ಲಾವೋಯ್ಕ ಕೂತಲ್ಲೇ ನಿದ್ದೆ. ಅವಳ ತಲೆ ನನ್ನ ಭುಜಕ್ಕೆ;
ಅಲುಗುವಂತಿಲ್ಲ, ಹೆಸರುಗಳು ಹರಿದವು.
ನಲವತ್ತು ನಿಮಿಷ, ಇರುವೆ ಸಾಲು.
ವಕೀಲರು, ಊಟ ಕೊಟ್ಟವರು, ಕುದುರೆಗೆ ಸದ್ದು ಕೊಟ್ಟವರು,
ನಡುವೆ: ಹುಲ್ಲು ಮತ್ತು ಕಳೆಗಿಡ,
ಲಿಗಾಯಾ ಪಾಂಗನಿಬನ್.
ಒಬ್ಬಳೇ.

ಮತ್ತೆ ಒಳಹೊಕ್ಕೆ. ಕುದುರೆಯಿಂದಿಳಿದೆ, ಕತ್ತಿ ಒಳಗಿಟ್ಟೆ,
ಬೇಲಿಯ ಬುಡದಲ್ಲಿ ಮೊಣಕಾಲೂರಿ ನೋಡಿದೆ.
ಯಾರೂ ಕಾಲಿಡದ ಜಾಗದ ಒಂದು ಎಸಳಿನಲ್ಲಿ
ಹುಳು ತಿಂದ ತೂತು.
ಅದರಾಚೆ ಚೂರು ಆಕಾಶ.

ಚಳಿ ಕಳೆಯಿತು. ಐದನೆಯ ಬಾಗಿಲೂ ತೆರೆಯಿತು.
ಒಳಗೊಬ್ಬ ಮುದುಕಿ. ಕಾಗದ ಇಸಿದುಕೊಂಡು
ಇಷ್ಟು ತಡವೇನೋ, ಅಂದಳು.
ನಾಯಿಯ ಕಾಲು ಮಾತ್ರ ಇನ್ನೂ ನೆಲಕ್ಕೆ ತಾಗಿಲ್ಲ.
ನಾನು ಬರೆದು ತಿಳಿಸುವುದಿಲ್ಲ.