ಬಾಲವಿಲ್ಲದ ಹೆಬ್ಬಾವು

ಈ ಸಲದ ಮಳೆ ಹೆಬ್ಬಾವಿನ ಬಾಲ ತಿಂದು ಹೋಯಿತು.
ತಲೆ ಇದೆ, ಬಾಗಿಲ ಎಡಕ್ಕೆ,
ಬಂದವರನ್ನು ಅಳೆಯುತ್ತಾ.
ಹೊಟ್ಟೆ ಇದೆ.
ಬಾಲದ ಜಾಗದಲ್ಲಿ ಬರೀ ಮಣ್ಣು,
ಒಂದು ಒದ್ದೆ ಕಲೆ, ಗೆದ್ದಲ ದಾರಿ.

ಬರೆದವಳು ನನ್ನಜ್ಜಿ ಅಯಂಪೋಕ.
ಹೋದ ಸುಗ್ಗಿಯಲ್ಲಿ ಸಜ್ಜೆ ಕೇರುತ್ತಾ
ಕೂತಲ್ಲೇ ಹೋದಳು, ಮೊರ ಮಡಿಲಲ್ಲೇ ಇತ್ತು.

ನಮ್ಮ ಸಿರಿಗುವಿನಲ್ಲಿ
ಗೋಡೆ ಎಬ್ಬಿಸುವುದು ಗಂಡಸರು,
ಅದಕ್ಕೆ ಚರ್ಮ ಹೊದಿಸುವುದು ಹೆಂಗಸರು.
ನಾನು ಗಾರೆಯವನು. ತೂಗುಗುಂಡಿನ ನೇರವಷ್ಟೇ ಗೊತ್ತು.
ಚಿಕ್ಕವನಿದ್ದಾಗ ನೀರು ಹೊತ್ತಿದ್ದೇನೆ, ಸೆಗಣಿ ತುಳಿದಿದ್ದೇನೆ,
ದಾವದಾವ ಕಾಯಿಯ ಸಿಪ್ಪೆ ಕುದಿಯುವ ಒಲೆಯ ಮುಂದೆ
ಹೊಗೆಗೆ ಕಣ್ಣುಜ್ಜಿಕೊಂಡಿದ್ದೇನೆ.
ಬಣ್ಣದ ಕುಡಿಕೆಗೆ ಕೈ ಹಾಕಿ ಒಮ್ಮೆ
ಬೆರಳ ಗೆಣ್ಣಿಗೆ ಏಟು ತಿಂದಿದ್ದೇನೆ.

ಕೆಂಪು, ಕಪ್ಪು, ಬಿಳಿ.
ಅಷ್ಟೇ ಯಾಕಜ್ಜಿ ಅಂದರೆ
"ನಾಲ್ಕನೆಯ ಕಲ್ಲು ನಿಮ್ಮಪ್ಪ ಹೊತ್ತು ತರುತ್ತಾನಾ?"

ಪೇಟೆಯಿಂದ ಒಬ್ಬಳು ಕ್ಯಾನ್ವಾಸು ತಂದಳು.
ಇದರ ಮೇಲಾದರೆ ಮಳೆಯ ಭಯವಿಲ್ಲ ಅಂದಳು.
ಅಜ್ಜಿ ಬರೆದುಕೊಟ್ಟಳು, ಚೌಕಾಸಿ ಮಾಡಿ ದುಡ್ಡೆಣಿಸಿಕೊಂಡಳು,
ಎರಡು ಮೇಕೆ ಕೊಂಡಳು.
"ಬಟ್ಟೆ ಚೆನ್ನಾಗಿದೆ," ಅಂದಳು ರಾತ್ರಿ,
"ಒರಗಿಕೊಳ್ಳೋಣವೆಂದರೆ ಬೆನ್ನಿಲ್ಲ ಅದಕ್ಕೆ."

ಆಮೇಲೆ ನಾನು ಸಿಮೆಂಟಿನ ಕೋಣೆ ಕಟ್ಟಿದೆ.
ಅವಳು ಅಂಗೈ ಇಟ್ಟು ನೋಡಿದಳು. ನೀರು ಚಿಮುಕಿಸಿದಳು.
ಹನಿ ನಿಂತಲ್ಲಿ ನಿಲ್ಲದೆ ಜಾರಿತು.
ಬಂದ ನೆಂಟ ನೀರು ಬೇಡವೆಂದರೆ
ನೋಡುತ್ತಾರಲ್ಲ, ಹಾಗೆ ನೋಡಿದಳು ನನ್ನ ಗೋಡೆಯನ್ನು.
ಮತ್ತೆ ಅದರ ಮಾತೆತ್ತಲಿಲ್ಲ.

ಇವತ್ತು ಹಳೆಯ ಗೋಡೆಯ ಮುಂದೆ ಐದು ಹೆಂಗಸರು, ಒಂದು ಜಗಳ.
ಬಾಲ ಮೇಲಕ್ಕೆ ಸುತ್ತಿತ್ತು ಅನ್ನುತ್ತಾಳೆ ಅಕೋಲ್ಪೋಕ ಅತ್ತೆ.
ಇಲ್ಲ, ಒಡೆದ ಸೋರೆಬುರುಡೆಯ ಸಾಲಿನೊಳಗೆ ನುಗ್ಗಿತ್ತು
ಅನ್ನುತ್ತಾಳೆ ನನ್ನ ಹೆಂಡತಿ, ತಾನೇ ಉಜ್ಜಿದ ಜಾಗವಂತೆ.
ಅಜ್ಜಿಯ ಉಜ್ಜುಗಲ್ಲು ಅವಳ ಕೈಯಲ್ಲಿದೆ,
ನಾಲ್ಕು ಸೊಸೆಯರ ಅಂಗೈ ಸವೆಸಿದ್ದು,
ಮೊಟ್ಟೆಯಷ್ಟು ನುಣುಪು.

"ನೀನು ಹೇಳೋ, ದಿನಾ ಇದೇ ಬಾಗಿಲಲ್ಲಿ ಓಡಾಡಿದವನು!"
ನಾನು ತಲೆ ತಗ್ಗಿಸುತ್ತೇನೆ.
ಮೂವತ್ತು ವರ್ಷ ಈ ಗೋಡೆಯನ್ನು ನೋಡಿದ್ದು
ಬಿರುಕು ಬಿಟ್ಟಿದೆಯೇ ಎಂದು ಮಾತ್ರ.

ಅತ್ತೆ ಗಿನಿಕೋಳಿಯ ಗರಿ ಅದ್ದಿ
ಬಾಲವನ್ನು ಮೇಲಕ್ಕೇ ತಿರುಗಿಸುತ್ತಾಳೆ.
"ತಪ್ಪು," ಅನ್ನುತ್ತಾಳೆ ನನ್ನ ಹೆಂಡತಿ,
"ತಪ್ಪು, ತಪ್ಪು," ಅನ್ನುತ್ತಲೇ
ಅವಳಿಗೆಂದು ಬಿಳಿ ಅರೆಯುತ್ತಾಳೆ.
ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿ,
ನೀರೆಲ್ಲಿ?