ಸುತ್ತಿ ಹೋಗುವ ಮಾತು

ಇಟ್ಟಿಗೆಗೂಡಿನ ವಠಾರದಲ್ಲಿ ನನ್ನದು ಕೊನೆಯ ಮನೆ.
ಮೂರು ಕಡೆ ಗೋಡೆ, ನಾಲ್ಕನೆಯದೂ ಗೋಡೆಯೇ,
ಅದರಲ್ಲೊಂದು ಬಾಗಿಲು.
ಬಿಸಿಲು ಬರುವುದು ಹನ್ನೊಂದಕ್ಕೆ,
ಹೋಗುವುದು ಹನ್ನೊಂದೂಕಾಲಿಗೆ.
ಸಿಗ್ನಲ್ಲು ಅಷ್ಟೂ ನಿಲ್ಲುವುದಿಲ್ಲ.

ಮೊದಲೆಲ್ಲ ಮಾತಾಡಬೇಕೆಂದರೆ
ಫಾಲ್ ಹಾಕುತ್ತಿದ್ದ ಸೀರೆ ಮಡಚಿಟ್ಟು ಓಣಿಯುದ್ದ ಓಡಿ
ಹಾಲಿನ ಬೂತಿನ ಮುಂದೆ ನಿಂತು
‘ಹಲೋ, ಈಗ ಕೇಳಿಸ್ತಾ? ಈಗ?’
ನನ್ನ ಮನೆ ಸಂಗತಿ ಬೀದಿಗೆಲ್ಲ ಪೂರ್ತಿ ಗೊತ್ತು,
ಆ ಕಡೆಯಿದ್ದ ತಂಗಿಗೆ ಮಾತ್ರ ಅರ್ಧಂಬರ್ಧ.

ಮುಂದಿನ ಮನೆ ಕೆಂಪಾಜಮ್ಮನ ಮೊಮ್ಮಗ ನಿಶ್ಚಲ
‘ಕೊಡಿ ಆಂಟಿ’ ಅಂತ ಕಸಿದುಕೊಂಡು
ಏಳೆಂಟು ಸಲ ಬೆರಳು ಜಾರಿಸಿ ಹೇಳಿದ:
‘ವೈಫೈ ಕಾಲಿಂಗ್ ಆನ್ ಮಾಡಿದೀನಿ,
ಇನ್ನು ಟವರಿನ ಹಂಗಿಲ್ಲ,
ನಮ್ಮ ಪೆಟ್ಟಿಗೆಯಿಂದಲೇ ಹೋಗುತ್ತೆ.’
ಪಾಸ್‌ವರ್ಡು, ತೀರಿಹೋದ ಅವನ ತಾತನ ಲೂನಾ ಗಾಡಿ ನಂಬರು.
ಅಷ್ಟು ಒಳ್ಳೆಯ ಕಾಲ ಅದು.

ಆಮೇಲೆ ಮೋಟಾರಿನ ಜಗಳ.
ಬೆಳಗಿನ ಐದಕ್ಕೇ ಸ್ವಿಚ್ಚೊತ್ತಿ ಸಂಪು ಬತ್ತಿಸುವವಳು ಅವಳು,
ತಳದ ಕೆಸರು ತೋಡಿಕೊಳ್ಳುವವಳು ನಾನು.
ನಾನು ಒಂದಂದೆ, ಅವಳು ಹತ್ತಂದಳು.
ಕೊನೆಗೆ ಇಬ್ಬರೂ ಸತ್ತವರನ್ನು ಬೀದಿಗೆ ಎಳೆತಂದೆವು,
ಆ ಲೂನಾ ಸಮೇತ.
ಅಂದಿನಿಂದ ಮಾತಿಲ್ಲ.

ಆದರೂ ವಾರಕ್ಕೆ ಮೂರು ಸಂಜೆ
ನನ್ನ ಮಾತು ಅವಳ ಮನೆಗೆ ಹೋಗುತ್ತದೆ.
ಬಾಗಿಲು ತಟ್ಟದೆ, ಚಪ್ಪಲಿ ಬಿಡದೆ, ಗೋಡೆ ತೂರಿ
ಚಾಮುಂಡಿ ಪಟದ ಕೆಳಗೆ ಹಸಿರು ಮಿಟುಕಿಸುವ ಪೆಟ್ಟಿಗೆಗಿಳಿದು
ಅಲ್ಲಿಂದ ಮಂಡ್ಯಕ್ಕೆ,
ಡಯಾಲಿಸಿಸ್ ಕುರ್ಚಿಯಲ್ಲಿ ತೋಳು ಚಾಚಿ ಕೂತ
ನನ್ನ ತಂಗಿ ಚೆನ್ನಾಜಿಯ ಕಿವಿಗೆ.
ನಾಲ್ಕು ಗಂಟೆ ಕೂರಬೇಕು ಅವಳು,
ತನ್ನ ರಕ್ತ ಹೊರಗೆ ಹೋಗಿ ಸುತ್ತಿ ಬರುವ ತನಕ.

ನಾನು ಹೊಲಿಯುತ್ತ ಮಾತಾಡುತ್ತೇನೆ.
ಏನು ಮಾತು? ಕೆಂಪಾಜಮ್ಮನದೇ.
ಅವಳ ಸೊಕ್ಕು, ಅವಳ ಸಂಪು, ಅವಳ ಸೊಸೆ ಬಾರದ ಕಾರಣ.
ಅವಳ ಪೆಟ್ಟಿಗೆಯಲ್ಲೇ, ಅವಳು ಕಟ್ಟುವ ದುಡ್ಡಿನಲ್ಲೇ
ಅವಳನ್ನು ಬೈದು ಕಳಿಸುತ್ತೇನೆ.
ತಂಗಿ ನಗುತ್ತಾಳೆ,
ತೋಳು ಅಲುಗಿಸಬೇಡಿ ಅಂತ ನರ್ಸು ಗದರುತ್ತಾಳೆ.
ಒಮ್ಮೊಮ್ಮೆ ಮೃಗಾಲಯದ ಸಿಂಹ ಕೂಗಿದರೆ
ಅದೂ ಅದೇ ದಾರಿ ಹಿಡಿದು ಹೋಗುತ್ತದೆ.
‘ಏನೇ ಅದು?’
‘ಕೆಂಪಾಜಮ್ಮ. ಆಕಳಿಸ್ತಾವ್ಳೆ.’

ಕಳೆದ ಗುರುವಾರ ನಡುಮಾತಿನಲ್ಲಿ ಕಡಿಯಿತು.
ಫೋನಿನ ನೆತ್ತಿಯಲ್ಲಿದ್ದ ಬೀಸಣಿಗೆ ಗುರುತು ಮಾಯ.
ಬದಲಾಯಿಸಿಬಿಟ್ಟಳು, ಅಂದುಕೊಂಡೆ.
ಬದಲಾಯಿಸಲಿ, ನ್ಯಾಯವೇ.
ಆದರೆ ಆ ಗಾಡಿ ನಂಬರನ್ನೂ ಅಳಿಸಿದಳೇ ಎಂದು
ಯಾಕೋ ಹೊಟ್ಟೆ ಹಿಂಡಿತು.
ಹೊಸದೇನು ಅಂತ ಕೇಳುವಂತಿಲ್ಲ,
ಕೇಳಿದರೆ ಇಷ್ಟು ದಿನ ಬಳಸಿದ್ದು ಒಪ್ಪಿಕೊಂಡ ಹಾಗೆ.

ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು
ಬೂತಿನ ಕಡೆ ಓಡಿದೆ.
ದಾರಿಯಲ್ಲೇ ಅವಳ ಜಗಲಿ.
ನನಗೆ ಬೆನ್ನು ಹಾಕಿ, ಫೋನು ಬಾಯಿಗೆ ಅಡ್ಡ ಹಿಡಿದು
ಕೇಬಲ್ಲಿನವನ ಮೇಲೆ ಕೂಗಾಡುತ್ತಿದ್ದಳು:
‘ನೆಟ್ಟು ಓಗದೆ ಕಣಪ್ಪ, ಈಗ್ಲೇ ಬಾ.
ನಾಳೀಕೆ ಅಂದ್ರೆ ಆಗಾಕಿಲ್ಲ.
ನಂಗ್ಯಾಕೆ ಅದು? ನಂಗದ್ರ ತಲೆ ಬುಡ ಗೊತ್ತಿಲ್ಲ.
ಹಿಂದ್ಲ ಮನೇವ್ಳ ತಂಗಿ ಇವತ್ತು ಮಿಸನ್ನಿಗೆ ಕುಂತವ್ಳೆ.’

ನಾನು ಕೆಮ್ಮಲಿಲ್ಲ.
ಚಪ್ಪಲಿ ಕೈಲಿ ಹಿಡಿದು ಬಂದ ದಾರಿಯಲ್ಲೇ ಹಿಂದಕ್ಕೆ ಬಂದೆ.
ಬಂದು ಕೂತ ಮೇಲೆ ಹೊಳೆಯಿತು:
ವಾರ ಗೊತ್ತಿದ್ದವಳಿಗೆ
ಆಕಳಿಕೆಯೂ ಗೊತ್ತಿರಬೇಕು.

ಒಂಬತ್ತರ ಹೊತ್ತಿಗೆ ಬೀಸಣಿಗೆ ಮತ್ತೆ ಅರಳಿತು.
‘ಎಲ್ ಸತ್ತಿದ್ದೆ?’ ಅಂದಳು ತಂಗಿ.
‘ದಾರ ಕಡಿದಿತ್ತು’ ಅಂದೆ,
ಆಮೇಲೆ ಬರೀ ಸೀರೆ ಬಣ್ಣದ ಮಾತಾಡಿದೆ.

ಮರುದಿನ ಐದಕ್ಕೆ ಸರಿಯಾಗಿ
ಮೋಟಾರು ಗುರ್ ಅಂದಿತು.
ಬೈದೆ.
ಫೋನಿಲ್ಲದೆ, ಬರಿಬಾಯಲ್ಲಿ,
ಗೋಡೆಯಾಚೆ ನೇರ ಕೇಳುವ ಹಾಗೆ.